ಎಣಿಕೆಗೆ ನಿಂತವರು

ಹೌದು ಅಂದುಬಿಟ್ಟರೆ ಏನು ಹೋಗುತ್ತದೆ? ನಾಲ್ಕು ಮಾತು, ಅಷ್ಟೇ. ಪೂರ್ತಿ ಸುಳ್ಳು ಅಂತಲೂ ಹೇಳಲಾಗದು. ಉಣ್ಣುವುದು ಇಲ್ಲಿ. ಮಲಗುವುದು ಇಲ್ಲಿ. ದವಡೆಯ ಹಲ್ಲು ಉದುರಿದ್ದು ಇಲ್ಲಿ. ಹತ್ತೊಂಬತ್ತು ವರ್ಷ ಒಂದೇ ಕಡೆ ಇದ್ದವನನ್ನು ಆ ಊರಿನವನು ಅನ್ನದೆ ಇನ್ನೇನು ಅನ್ನುತ್ತಾರೆ? ಹಾಗಿದ್ದ ಮೇಲೆ ನಾಲಿಗೆ ಯಾಕೆ ಒಣಗುತ್ತಿದೆ?

ಲೀಮನ್ ಗ್ಯಾಡ್ಸನ್ ಮಡಚಿದ ಕುರ್ಚಿಗಳನ್ನು ಎರಡೂ ಕಂಕುಳಲ್ಲಿ ಇರುಕಿಕೊಂಡು ಲಾರಿಯಿಂದ ಶಾಲೆಯ ಸಭಾಂಗಣಕ್ಕೆ ನಡೆದ. ಕಬ್ಬಿಣದ ಕುರ್ಚಿಗಳು. ಅಂಚು ಪಕ್ಕೆಗೆ ಒತ್ತುತ್ತಿತ್ತು. ಬಿಳಿ ಅಂಗಿ, ಬಿಳಿ ಪ್ಯಾಂಟು, ಬೆನ್ನ ಮೇಲೆ ಜೈಲಿನ ಹೆಸರು. ಅವನ ಹಿಂದೆ ರೂಫಸ್. ರೂಫಸ್‌ನ ಹಿಂದೆ ಕೆಲಸದ ಗ್ಯಾಂಗಿನ ಉಳಿದ ಕೈದಿಗಳು. ಬಾಗಿಲ ಬಳಿ ಕಾವಲಿನ ಹಾಲ್ಕಂ, ಕೈಯಲ್ಲಿ ಕಾಫಿ.

ಹ್ಯಾರೊ ಕೌಂಟಿಯಲ್ಲಿ, ಎಂದರೆ ಈ ಹಳ್ಳಿಗಾಡಿನ ಜಿಲ್ಲೆಯಲ್ಲಿ, ಭಾರದ ಕೆಲಸ ಏನೇ ಇದ್ದರೂ ಜೈಲಿನಿಂದ ಗ್ಯಾಂಗು ಬರುತ್ತದೆ. ಚರಂಡಿ ಬಳಿಯುವುದಕ್ಕೆ, ರಸ್ತೆಬದಿಯ ಹುಲ್ಲು ಕತ್ತರಿಸುವುದಕ್ಕೆ, ಬಿರುಗಾಳಿಗೆ ಬಿದ್ದ ಮರ ಎತ್ತುವುದಕ್ಕೆ. ಚುನಾವಣೆ ಬಂದರೆ ಮತಗಟ್ಟೆಯ ಪೆಟ್ಟಿಗೆ, ಮೇಜು, ಮರೆ ಎಲ್ಲವನ್ನೂ ಹೊತ್ತು ತಂದು ಇದೇ ಸಭಾಂಗಣದಲ್ಲಿ ನಿಲ್ಲಿಸುವವರೂ ಅವರೇ. ನಿಲ್ಲಿಸಿ, ಒರೆಸಿ, ಜನ ಬರುವ ಮೊದಲು ಲಾರಿ ಹತ್ತುತ್ತಾರೆ. ಜನ ವೋಟು ಹಾಕಿ ಹೋದ ಮೇಲೆ ಬಂದು ಬಿಚ್ಚುತ್ತಾರೆ. ಕೈದಿಗೆ ವೋಟಿಲ್ಲ.

ಇವತ್ತು ಚುನಾವಣೆಯಲ್ಲ. ರಾಜಧಾನಿಯಿಂದ ಶಾಸನಸಭೆಯ ಸಮಿತಿ ಬರುತ್ತಿದೆ. ಒಂದು ಮಸೂದೆಯ ಮೇಲೆ ಊರವರ ಮಾತು ಕೇಳುವುದಕ್ಕೆ. ಜನಗಣತಿಯಲ್ಲಿ ಕೈದಿಯನ್ನು ಜೈಲಿರುವ ಕಡೆ ಎಣಿಸಬಾರದು, ಅವನು ಎಲ್ಲಿಂದ ಬಂದನೋ ಆ ಬೀದಿಯಲ್ಲಿ ಎಣಿಸಬೇಕು ಎನ್ನುತ್ತದೆ ಮಸೂದೆ. ಅದು ಪಾಸಾದರೆ ಹ್ಯಾರೊ ಕ್ಷೇತ್ರಕ್ಕೆ ಜನ ಸಾಲುವುದಿಲ್ಲ. ಪಕ್ಕದ ಕ್ಷೇತ್ರಕ್ಕೆ ಸೇರಿಸಿಬಿಡುತ್ತಾರೆ. ಇಲ್ಲಿನ ಶಾಸಕ ಗಾರ್ಲನ್ ಸ್ಪೈವಿಗೆ ಅಪ್ಪನ ಕಾಲದಿಂದ ಬಂದ ಕುರ್ಚಿ ಹೋಗುತ್ತದೆ.

ಅದಕ್ಕೇ ಮಧ್ಯಾಹ್ನ ಲೀಮನ್ ಸಾಕ್ಷಿ ಹೇಳಬೇಕು. ನಾನು ಈ ಕ್ಷೇತ್ರದವನು, ಸ್ಪೈವಿಯವರು ನಮ್ಮ ಶಾಸಕರು, ನಮ್ಮನ್ನು ತಮ್ಮವರ ಹಾಗೆ ನೋಡಿಕೊಳ್ಳುತ್ತಾರೆ ಎಂದು.

"ಏನ್ಲಾ ಸಾಕ್ಷಿದಾರ," ರೂಫಸ್ ಕುರ್ಚಿ ಬಿಡಿಸುತ್ತ ಹೇಳಿದ. "ನಿನ್ ಕುರ್ಚೀನ ನೀನೇ ಹೊತ್ಕಂಡ್ ಬರ್ಬೇಕಾ? ಶಾಸಕರಿಗೆ ಹೇಳಿ ಒಂದ್ ಮೆತ್ತನ್ ಕುರ್ಚಿ ಹಾಕ್ಸ್ಕೊಳ್ಳಾ."

"ಸುಮ್ನೆ ಕೆಲ್ಸ ನೋಡು."

"ನೋಡ್ತಾ ಇವ್ನಿ. ನೀನು ಬಿಡುಗಡೆ ಆಗಿ ಮನೇಗ್ ಹೋದ್ಮೇಲೆ ನಮ್ಮವ್ವಂಗೆ ಒಂದ್ ಫೋನ್ ಮಾಡ್ಲಾ. ನಿನ್ನ ಮಗ ಇನ್ನೂ ಕುರ್ಚಿ ಹೊರ್ತಾವ್ನೆ ಅನ್ನು."

ಲೀಮನ್ ನಗಲಿಲ್ಲ. ಅವನಿಗೆ ಸಿಟ್ಟೂ ಬರಲಿಲ್ಲ. ಈಚೆಗೆ ಅವನಿಗೆ ಏನೂ ಬರುತ್ತಿರಲಿಲ್ಲ. ಹಲ್ಲು ಕೀಳುವ ಮುಂಚೆ ವಸಡಿಗೆ ಸೂಜಿ ಹಾಕುತ್ತಾರಲ್ಲ, ಹಾಗೆ ಎಲ್ಲವೂ ಮರಗಟ್ಟಿತ್ತು.

ಕಳೆದ ವರ್ಷ ಇದೇ ಸಭಾಂಗಣದಲ್ಲಿ ಎಜ್ರಾ ಟಬ್ಸ್ ಇದ್ದ.

ಎಜ್ರಾ ಗ್ಯಾಂಗಿನಲ್ಲಿ ಎಲ್ಲರಿಗಿಂತ ಹಿರಿಯ. ಲೀಮನ್‌ನ ಬೀದಿಯವನೇ. ನಗರದ ಪೂರ್ವಭಾಗದ ಕೆಲ್ಸೋ ಬೀದಿ. ಲೀಮನ್ ಜೈಲಿಗೆ ಬಂದಾಗ ಇಪ್ಪತ್ತೊಂದು ವರ್ಷ. ಒಂದು ಅಂಗಡಿಯ ದರೋಡೆಯಲ್ಲಿ ಮಾಲೀಕ ಸತ್ತಿದ್ದ. ಗುಂಡು ಹೊಡೆದವನು ಬೇರೆ. ಲೀಮನ್ ಹೊರಗೆ ಕಾರಿನಲ್ಲಿ ಕೂತಿದ್ದವನು. ಮೊದಲ ತಿಂಗಳು ಅವನು ಯಾರೊಡನೆಯೂ ಮಾತಾಡಲಿಲ್ಲ. ಎಜ್ರಾ ಪಕ್ಕದ ಮಂಚದಿಂದ ತನ್ನ ಪಾಲಿನ ಬ್ರೆಡ್ಡು ಅವನ ಕಡೆ ತಳ್ಳಿ, "ಕೆಲ್ಸೋ ಬೀದಿ ಅಂತಲ್ಲ. ಮೂಲೇಲಿ ಮೀನು ಕರಿಯೋಳು ಇನ್ನೂ ಅವ್ಳಾ?" ಎಂದು ಕೇಳಿದ್ದ. ಅಷ್ಟೇ ಪರಿಚಯ. ಆಮೇಲೆ ಜೈಲಿನ ಕಾಲೇಜಿಗೆ ಹೆಸರು ಬರೆಸಿದವನೂ ಎಜ್ರಾನೇ. ಓದಲು ಬರೆಯಲು ಬಾರದ ಮುದುಕ ಪ್ರತಿ ಪರೀಕ್ಷೆಗೂ ಮುನ್ನ ಲೀಮನ್‌ನ ಪಾಠ ಒಪ್ಪಿಸಿಕೊಳ್ಳುತ್ತಿದ್ದ. ಸರಿಯೋ ತಪ್ಪೋ ಗೊತ್ತಾಗದಿದ್ದರೂ ತಲೆಯಾಡಿಸುತ್ತಿದ್ದ.

ಎಜ್ರಾನ ಅಜ್ಜ ಹುಟ್ಟಿದ್ದು ಇದೇ ಹ್ಯಾರೊ ಕೌಂಟಿಯಲ್ಲಿ. ಬಿಳಿಯರ ಹೊಲದಲ್ಲಿ ಪಾಲಿಗೆ ಹತ್ತಿ ಬೆಳೆಯುತ್ತಿದ್ದವನು. ಆಗ ಈ ಕೌಂಟಿಯಲ್ಲಿ ಕರಿಯರೇ ಹೆಚ್ಚು. ಅವರನ್ನೆಲ್ಲ ಎಣಿಸುತ್ತಿದ್ದರು. ಆ ಎಣಿಕೆಯ ಮೇಲೆ ಕ್ಷೇತ್ರ ಆಗುತ್ತಿತ್ತು. ಕ್ಷೇತ್ರಕ್ಕೊಬ್ಬ ಬಿಳಿಯ ಶಾಸಕ ಆಗುತ್ತಿದ್ದ. ಅಜ್ಜ ಒಂದು ಸಲ ವೋಟಿಗೆ ಹೆಸರು ಬರೆಸಲು ಕೌಂಟಿ ಕಚೇರಿಯ ಮೆಟ್ಟಿಲು ಹತ್ತಿದ. ಅದೇ ವಾರ ಗುಡಿಸಲು ಬಿಟ್ಟು ಹೋಗು ಅಂದರು. ಹೋದ. ಹಾಗೆ ಒಬ್ಬೊಬ್ಬರೇ ನಗರಕ್ಕೆ ಹೋದರು. ಹತ್ತಿ ಹೋಯಿತು, ಗಿರಣಿ ಮುಚ್ಚಿತು, ಬಿಳಿಯರ ಮಕ್ಕಳೂ ಹೋದರು. ಕ್ಷೇತ್ರಕ್ಕೆ ಜನ ಸಾಲದಾಯಿತು. ಆಗ ಶಾಸಕನಾಗಿದ್ದವನು ಗಾರ್ಲನ್ ಸ್ಪೈವಿಯ ಅಪ್ಪ. ಅವನು ಓಡಾಡಿ ಜೈಲು ತಂದ. ಮೊದಲು ಒಂದು, ಆಮೇಲೆ ಇನ್ನೊಂದು. ಕ್ಷೇತ್ರಕ್ಕೆ ಮತ್ತೆ ಜನ ಬಂದರು. ನಗರದಿಂದ, ಬಸ್ಸಿನಲ್ಲಿ, ಕಾಲಿಗೆ ಸರಪಳಿ ಹಾಕಿಕೊಂಡು.

"ನಮ್ಮಜ್ಜನ್ನೂ ಇಲ್ಲೇ ಎಣಿಸಿದ್ರು, ನನ್ನೂ ಇಲ್ಲೇ ಎಣಿಸ್ತಾವ್ರೆ," ಎಜ್ರಾ ಹೇಳುತ್ತಿದ್ದ. "ಮಧ್ಯ ನಮ್ಮಪ್ಪ ಒಬ್ನೇ ತಪ್ಪಿಸ್ಕಂಡ."

ಕಳೆದ ವರ್ಷ ಬೇಸಿಗೆಯ ಆರಂಭದ ಚುನಾವಣೆಗೆ ಗ್ಯಾಂಗು ಮತಗಟ್ಟೆ ಕಟ್ಟುತ್ತಿದ್ದಾಗ ಸ್ಪೈವಿ ನೋಡಲು ಬಂದಿದ್ದ. ದೊಡ್ಡ ಮೈ, ಕೆಂಪು ಕುತ್ತಿಗೆ, ಎಲ್ಲರ ಹೆಗಲು ತಟ್ಟುವ ಕೈ. ಎಜ್ರಾ ಹೊತ್ತಿದ್ದ ಮೇಜು ಇಳಿಸಿ, ಟೋಪಿ ತೆಗೆದು, ಅವನ ಮುಂದೆ ನಿಂತ.

"ಸ್ವಾಮಿ, ಒಂದ್ ಮಾತು."

"ಹೇಳಪ್ಪ."

"ನಮ್ಮ ಡಾರ್ಮಿಟರೀಲಿ ಗಾಳಿ ಎಳಿಯೋ ಫ್ಯಾನು ಹೋದ್ ಬೇಸಿಗೇಲಿ ಕೆಟ್ಟಿದ್ದು ಹಂಗೇ ಅದೆ ಸ್ವಾಮಿ. ತಗಡಿನ ಸೂರು. ಮಧ್ಯಾಹ್ನದ ಮ್ಯಾಲೆ ಮಂಚದ್ ಕಬ್ಣ ಮುಟ್ಟಾಕಾಗಲ್ಲ. ವಯಸ್ಸಾದವ್ರು ಬೀಳ್ತಾವ್ರೆ. ನೀವು ಒಂದ್ ಮಾತು ಹೇಳಿದ್ರೆ…"

"ಯಾವೂರು ನಿಂದು?"

"ನಗರ ಸ್ವಾಮಿ. ಕೆಲ್ಸೋ ಬೀದಿ."

"ಅಲ್ಲಿ ನಿಮ್ಮ ಶಾಸಕರು ಇರ್ತಾರಲ್ಲ, ಅವರಿಗೆ ಹೇಳ್ಕೋಬೇಕಪ್ಪ. ನನಗೆ ನನ್ನ ಜನದ್ದೇ ಸಾಕಾಗಿದೆ." ಸ್ಪೈವಿ ಎಜ್ರಾನ ಹೆಗಲು ತಟ್ಟಿದ. "ಮೇಜು ಸ್ವಲ್ಪ ಗೋಡೆ ಕಡೆ ಸರಿಸಿ. ಮುದುಕರು ಓಡಾಡ್ತಾರೆ."

ಎಜ್ರಾ ಮೇಜು ಸರಿಸಿದ.

ಆ ಭಾನುವಾರ ಲೀಮನ್ ತನ್ನ ಅಕ್ಕ ಓರೀಥಾಗೆ ಫೋನ್ ಮಾಡಿದ. ಕೆಲ್ಸೋ ಬೀದಿಯ ಮನೆಯಲ್ಲಿ ಈಗ ಇರುವವಳು ಅವಳೊಬ್ಬಳೇ. ಆಸ್ಪತ್ರೆಯಲ್ಲಿ ನೆಲ ಒರೆಸುತ್ತಾಳೆ. ಎಜ್ರಾಗೆ ಹೊರಗೆ ಯಾರೂ ಇರಲಿಲ್ಲ. ನಮ್ಮ ಶಾಸಕರ ಆಫೀಸಿಗೆ ಹೋಗಿ ಫ್ಯಾನಿನ ವಿಷಯ ಹೇಳಿ ಬಾ ಎಂದ. ಮುಂದಿನ ವಾರ ಅವಳು ಉರಿದು ಬಿದ್ದಳು.

"ಎಲ್ಲಿದ್ಯೋ ಆಫೀಸು? ಅಲ್ಲೀಗ ಚಪ್ಪಲಿ ಅಂಗಡಿ ಕಣೋ. ಹತ್ತು ವರ್ಷದ ಹಿಂದಿನ ಜನಗಣತೀಲೇ ನಮ್ಮ ಕ್ಷೇತ್ರ ತೆಗೆದಾಕವ್ರಂತೆ. ನಮ್ಮ ಕಡೆ ಜನ ಕಮ್ಮಿ ಆಗೋದ್ರಂತೆ. ಕಮ್ಮಿ ಆಗ್ದೆ ಇನ್ನೇನು, ಗಂಡು ಅಂತ ಹುಟ್ಟಿದ್ದನ್ನೆಲ್ಲಾ ಬಸ್ ತುಂಬ್ಕಂಡ್ ಹೋದ್ರಲ್ಲ! ಈಗ ನಮ್ಮನ್ನ ಹೊಳೆ ಆಚೆಯೋರ ಜೊತೆ ಸೇರ್ಸವ್ರೆ. ಎರಡು ಬಸ್ ಬದಲಾಯ್ಸಿ ಅಲ್ಲಿಗೂ ಹೋದೆ. ಒಬ್ಳು ಹುಡುಗಿ ಕೂತಿದ್ಲು. ಜೈಲಿನ ಹೆಸ್ರು ಕೇಳಿದ್ಲು. ಕಂಪ್ಯೂಟರ್ ನೋಡಿದ್ಲು. 'ಅವರು ನಮ್ಮೋರಲ್ಲ ಆಂಟಿ, ಹ್ಯಾರೊ ಕ್ಷೇತ್ರದೋರು. ಅಲ್ಲಿನ ಶಾಸಕರ್ನ ಕೇಳಿ' ಅಂದ್ಲು. ಅಲ್ಲ, ಒಬ್ಬ ಮನುಷ್ಯ ಎರಡು ಕಡೆ ಹೆಂಗೋ ಇಲ್ದೆ ಇರ್ತಾನೆ?"

ಲೀಮನ್ ಅದನ್ನು ಎಜ್ರಾಗೆ ಹೇಳಿದ. ಎಜ್ರಾ ಪೂರ್ತಿ ಕೇಳಿಸಿಕೊಂಡ. ಆಮೇಲೆ, "ಎರಡು ಬಸ್ಸಾ? ಪಾಪ, ಕಾಲು ನೋಯ್ತಾವಂತಾ?" ಎಂದು ಕೇಳಿದ.

ಅದೇ ಬೇಸಿಗೆಯ ಕೊನೆಗೆ, ಆಗಸ್ಟಿನಲ್ಲಿ, ಎಜ್ರಾ ಸತ್ತ.

ಸಂಜೆಯ ಎಣಿಕೆಯ ಹೊತ್ತು. ದಿನಕ್ಕೆ ಹಲವು ಸಲ ಎಣಿಸುತ್ತಾರೆ. ಅದರಲ್ಲಿ ಒಂದು ನಿಂತ ಎಣಿಕೆ. ಪ್ರತಿಯೊಬ್ಬನೂ ತನ್ನ ಮಂಚದ ಬಳಿ ಎದ್ದು ನಿಲ್ಲಬೇಕು. ಬದುಕಿರುವ ಮೈ ಎಂದು ಕಾವಲಿನವನಿಗೆ ಕಾಣಬೇಕು, ಅದಕ್ಕೆ. ಆ ದಿನ ಗ್ಯಾಂಗು ಬಿಸಿಲಲ್ಲಿ ಟಾರು ಹಾಕಿ ಬಂದಿತ್ತು. ಡಾರ್ಮಿಟರಿಯ ಒಳಗೆ ಹೊರಗಿಗಿಂತ ಹೆಚ್ಚು ಸೆಕೆ. ಎಜ್ರಾ ಬೂಟು ಬಿಚ್ಚದೆ ಮಲಗಿದ್ದ. ಹಾಲ್ಕಂ ಕೂಗಿದ. ಎಲ್ಲರೂ ನಿಂತರು. ಎಜ್ರಾ ಏಳಲಿಲ್ಲ.

"ಟಬ್ಸ್. ಏಳು."

ಏಳಲಿಲ್ಲ.

"ಟಬ್ಸ್, ಬರ್ಕೊಳ್ತಾ ಇದೀನಿ ನೋಡು."

ಬರೆದುಕೊಂಡ. ಎಣಿಕೆಗೆ ನಿಲ್ಲದ ತಪ್ಪು. ಆಮೇಲೆ ಬೂಟಿನಿಂದ ಮಂಚ ಒದ್ದ. ಎಜ್ರಾನ ಕೈ ಮಂಚದ ಅಂಚಿನಿಂದ ಕೆಳಗೆ ಜಾರಿ ತೂಗಿತು. ಆಗ ಗೊತ್ತಾಯಿತು.

ಯಾರೂ ಅಲುಗಾಡಲಿಲ್ಲ. ಎಣಿಕೆ ಮುಗಿಯುವವರೆಗೆ ಅಲುಗುವಂತಿಲ್ಲ. ಹಾಲ್ಕಂ ರೇಡಿಯೋದಲ್ಲಿ ಕೇಳಿದ. ಆ ಕಡೆಯಿಂದ, ಎಷ್ಟು ಮೈ ಇವೆಯೋ ಅಷ್ಟನ್ನೂ ಎಣಿಸು ಅಂದರು. ಎಣಿಸಿದ. ಎಜ್ರಾನನ್ನೂ ಸೇರಿಸಿ. ಎಣಿಕೆ ಸರಿಹೋಯಿತು. ಸರಿಹೋಯಿತೆಂದು ಗಂಟೆ ಬಾರಿಸಿತು. ಹೆಣ ಹೊರುವ ಚೌಕಟ್ಟು ಆಸ್ಪತ್ರೆ ಕೋಣೆಯಲ್ಲಿತ್ತು, ಆ ಕೋಣೆಯ ಬೀಗದ ಕೈ ಪಾಳಿ ಮುಗಿಸಿ ಮನೆಗೆ ಹೋದವನ ಜೇಬಿನಲ್ಲಿತ್ತು. ಲೀಮನ್ ಮತ್ತು ರೂಫಸ್ ಹೊದಿಕೆಯಲ್ಲಿ ಎತ್ತಿದರು. ಮುದುಕನ ಬೆನ್ನು ಇನ್ನೂ ಬಿಸಿಯಾಗಿತ್ತು. ಅದು ಅವನ ಬಿಸಿಯೋ ಮಂಚದ ಬಿಸಿಯೋ ಲೀಮನ್‌ಗೆ ತಿಳಿಯಲಿಲ್ಲ. ಅಂದಿನಿಂದಲೇ ಇರಬೇಕು ಅವನಿಗೆ ನಗು, ಸಿಟ್ಟು ಏನೂ ಬಾರದೆ ಹೋದದ್ದು.

ಗುಂಡಿ ತೋಡಿದ್ದೂ ಗ್ಯಾಂಗೇ.

ಜನಗಣತಿ ಅದೇ ವರ್ಷದ ವಸಂತದಲ್ಲಿ ನಡೆದಿತ್ತು. ಯಾರೂ ಬಂದು ಕೈದಿಗಳನ್ನು ಕೇಳಿರಲಿಲ್ಲ. ಜೈಲಿನ ಆಫೀಸಿನಿಂದ ಲೆಕ್ಕ ಹೋಗಿತ್ತು. ಮುಂದಿನ ಗಣತಿಯವರೆಗೆ, ಹತ್ತು ವರ್ಷ, ಎಜ್ರಾ ಟಬ್ಸ್ ಹ್ಯಾರೊ ಕೌಂಟಿಯ ನಿವಾಸಿ. ಗಾರ್ಲನ್ ಸ್ಪೈವಿಯ ಜನ.

ಈ ವರ್ಷ ಮಸೂದೆ ಬಂತು. ಹಿಂದಿನ ವಾರ ಲೀಮನ್‌ನನ್ನು ವಾರ್ಡನ್ನರ ಕೋಣೆಗೆ ಕರೆಸಿದರು. ಅಲ್ಲಿ ಸ್ಪೈವಿ ಇದ್ದ. ಕೂತುಕೋ ಎಂದ. ಲೀಮನ್ ನಿಂತೇ ಇದ್ದ. ಕೂರು ಮಗಾ, ಎಂದ ಮತ್ತೆ. ಮೆತ್ತೆಯ ಕುರ್ಚಿ. ಲೀಮನ್ ಅಂಚಿನಲ್ಲಿ ಕೂತ.

"ಡಿಗ್ರಿ ಮಾಡಿದ್ದೀಯಂತೆ."

"ಹೌದು ಸಾರ್."

"ನಮ್ಮ ಹುಡುಗ ಅಂತ ಹೆಮ್ಮೆ ಆಯ್ತು ಕಣಯ್ಯ. ನೋಡು, ರಾಜಧಾನಿಯಲ್ಲಿ ಕೆಲವರು ನಿಮ್ಮನ್ನ ನಮ್ಮಿಂದ ಕಿತ್ಕೊಂಡು ಹೋಗ್ಬೇಕು ಅಂತಿದಾರೆ. ಇಷ್ಟು ವರ್ಷ ನಿಮ್ಮ ಅನ್ನ, ನೀರು, ರಸ್ತೆ, ದೀಪ ಎಲ್ಲ ನೋಡಿದೋರು ನಾವು. ನೀವು ನನ್ನ ಜನ. ನೀನು ಬಂದು ಆ ಮಾತು ಹೇಳ್ಬೇಕು. ಜಾಸ್ತಿ ಬೇಡ. ನಾನೇ ಹೇಳ್ಕೊಡ್ತೀನಿ."

ಹೇಳಿಕೊಟ್ಟ. ಲೀಮನ್ ಕೇಳಿಸಿಕೊಂಡ.

"ಮುಂದಿನ ತಿಂಗಳು ಪೆರೋಲು ಮಂಡಳಿಯ ಮುಂದೆ ನಿನ್ನ ಬಿಡುಗಡೆ ವಿಷಯ ಬರುತ್ತಂತೆ. ಹಿಂದೆ ಎರಡು ಸಲ ಆಗಿಲ್ಲ ಅಲ್ವಾ? ಮಂಡಳಿಯ ಅಧ್ಯಕ್ಷರು, ನಾನು, ಒಂದೇ ಚರ್ಚಿನೋರು. ಭಾನುವಾರ ಸಿಗ್ತಾರೆ." ಸ್ಪೈವಿ ಮುಂದಕ್ಕೆ ಬಾಗಿದ. "ನನ್ನವರಿಗೆ ನಾನು ಮಾಡ್ದೆ ಇನ್ಯಾರು ಮಾಡ್ತಾರೆ?"

ಲೀಮನ್ ನೆಲ ನೋಡುತ್ತಿದ್ದ. ಕಾರ್ಪೆಟ್ಟು. ಅದನ್ನು ಹಾಸಿದ್ದೂ ಗ್ಯಾಂಗೇ.

"ಎಜ್ರಾ ಟಬ್ಸ್ ಅಂತ ಒಬ್ಬರಿದ್ರು ಸಾರ್. ನಿಮ್ಮ ಹತ್ರ ಒಂದ್ಸಲ ಮಾತಾಡಿದ್ರು."

"ಹೌದಾ? ಇರಬಹುದು." ಸ್ಪೈವಿ ನೆನಪಿಸಿಕೊಳ್ಳುವ ಮುಖ ಮಾಡಿದ. "ಬಿಡುಗಡೆ ಆಯ್ತೇನು ಅವನಿಗೆ?"

"ಆಯ್ತು ಸಾರ್."

"ಒಳ್ಳೇದಾಯ್ತು."

ಭಾನುವಾರ ಫೋನಿನಲ್ಲಿ ಓರೀಥಾ ಉತ್ಸಾಹದಲ್ಲಿದ್ದಳು. ಈ ಸಲ ಆಗುತ್ತದೆ ಎಂದು ಅವಳ ಮನಸ್ಸು ಹೇಳುತ್ತಿತ್ತಂತೆ. ಅಮ್ಮ ಮಲಗುತ್ತಿದ್ದ ಕೋಣೆಗೆ ಬಣ್ಣ ಬಳಿದಿದ್ದಳು. ಯಾವ ಬಣ್ಣ ಎಂದು ಅವನು ಕೇಳಲಿಲ್ಲ. ಸಾಕ್ಷಿಯ ವಿಷಯವನ್ನೂ ಎತ್ತಲಿಲ್ಲ. "ಬಂದ ದಿನ ಏನ್ ಮಾಡ್ಲಿ? ಅಲಸಂದೆ ಕಾಳು, ಹಂದಿ ಮೂಳೆ ಹಾಕಿ?" ಎಂದಳು. "ಮಾಡು," ಎಂದ.

ಮಧ್ಯಾಹ್ನ ಸಭಾಂಗಣ ತುಂಬಿತು. ಮುಂದೆ ಉದ್ದ ಮೇಜು. ಅದರ ಹಿಂದೆ ಸಮಿತಿಯ ಐದು ಜನ. ನಡುವೆ ಅಧ್ಯಕ್ಷೆ, ಬೆಳ್ಳಿಕೂದಲಿನ ಶ್ರೀಮತಿ ಪ್ರುಯಿಟ್. ಒಂದು ತುದಿಯಲ್ಲಿ ಹೇಳಿದ್ದನ್ನೆಲ್ಲ ಟೈಪು ಮಾಡುವ ಗುಮಾಸ್ತ. ಗ್ಯಾಂಗನ್ನು ಹಿಂದಿನ ಗೋಡೆಗೆ ಸಾಲಾಗಿ ನಿಲ್ಲಿಸಿದ್ದರು. ಸಭೆ ಮುಗಿದ ಮೇಲೆ ಕುರ್ಚಿ ಮಡಚಬೇಕಲ್ಲ. ಲೀಮನ್‌ಗೆ ಒಗೆದ ಅಂಗಿ ಕೊಟ್ಟಿದ್ದರು. ಕೈಗೆ ಬೇಡಿ ಹಾಕಿರಲಿಲ್ಲ. ಸ್ಪೈವಿ ಬೇಡ ಅಂದಿದ್ದ.

ಮೊದಲು ಕ್ಷೌರಿಕ ಬಂದ. ಶಾಲೆಯ ಬಸ್ಸು ಓಡಿಸುವ ಹೆಂಗಸು ಬಂದಳು. ಪ್ರತಿಯೊಬ್ಬರೂ ಕೈ ಎತ್ತಿ ಪ್ರಮಾಣ ಮಾಡಿದರು. ಗುಮಾಸ್ತ ಹೆಸರು ಕೇಳಿದ, ವಾಸ ಕೇಳಿದ. ಹ್ಯಾರೊ ಕೌಂಟಿ, ಅಜ್ಜನ ಕಾಲದಿಂದ ಇಲ್ಲೇ, ಎಂದರು. ಜೈಲು ಹೋದರೆ ಊರು ಹೋಗುತ್ತದೆ, ಕ್ಷೇತ್ರ ಹೋದರೆ ಕೇಳುವವರಿಲ್ಲ ಎಂದರು. ಬಸ್ಸಿನ ಹೆಂಗಸು ಅತ್ತಳು. ಅವಳ ಅಳು ಸುಳ್ಳಲ್ಲ ಎಂದು ಲೀಮನ್‌ಗೆ ಅನಿಸಿತು. ಊರಿಗೆ ಇದ್ದ ಒಂದೇ ಬಸ್ಸು ಅವಳದು.

ಅವನ ಹೆಸರು ಕರೆದರು.

ನಡೆದು ಹೋಗಿ ಮೈಕಿನ ಮುಂದೆ ಕೂತ. ಬೆಳಿಗ್ಗೆ ತಾನೇ ಇಟ್ಟ ಕುರ್ಚಿ. ಕೈ ಎತ್ತಿದ. ಸತ್ಯವನ್ನೇ ಹೇಳುತ್ತೇನೆ ಎಂದ. ಸ್ಪೈವಿ ಮೊದಲ ಸಾಲಿನಿಂದ ತಲೆಯಾಡಿಸಿದ. ಹೇಳಿಕೊಟ್ಟ ಮಾತುಗಳು ಸಾಲಾಗಿ ನಾಲಿಗೆಯ ಮೇಲೆ ಇದ್ದವು. ಅವುಗಳಿಗೆ ಅವನು ಸಿದ್ಧನಾಗಿಯೇ ಬಂದಿದ್ದ. ಹೌದು ಅಂದುಬಿಡುವುದು ಎಂದು ಕುರ್ಚಿ ಹೊರುವಾಗಲೇ ನಿರ್ಧಾರವಾಗಿತ್ತು.

"ಹೆಸರು, ವಾಸ," ಎಂದ ಗುಮಾಸ್ತ, ತಲೆ ಎತ್ತದೆ.

ಇದನ್ನು ಯಾರೂ ಹೇಳಿಕೊಟ್ಟಿರಲಿಲ್ಲ. ಸ್ಪೈವಿಗೂ ತೋಚಿರಲಿಲ್ಲ. ಜೈಲಿನಲ್ಲಿ ಕೇಳುವುದು ನಂಬರು, ಡಾರ್ಮಿಟರಿ, ಮಂಚ. ವಾಸ ಎಲ್ಲಿ ಎಂದು ಯಾರೂ ಅವನನ್ನು ಕೇಳಿರಲೇ ಇಲ್ಲ.

"ಲೀಮನ್ ಗ್ಯಾಡ್ಸನ್."

"ವಾಸ?"

"ಕೆಲ್ಸೋ ಬೀದಿ."

ಗುಮಾಸ್ತನ ಬೆರಳು ನಿಂತವು. "ಕೆಲ್ಸೋ ಬೀದಿ ಈ ಊರಲ್ಲಿ ಎಲ್ಲಿ ಬರುತ್ತೆ?"

"ಈ ಊರಲ್ಲಿ ಇಲ್ಲ ಸಾರ್. ನಗರದಲ್ಲಿ. ಪೂರ್ವಭಾಗ."

ಯಾರೋ ನಕ್ಕರು. ಸ್ಪೈವಿ ಎದ್ದು ನಿಂತ. "ಮೇಡಂ, ಪಾಪ, ಮೈಕು ನೋಡಿ ಗಾಬರಿಯಾಗಿದಾನೆ. ಹ್ಯಾರೊ ಕೌಂಟಿ ಅಂತ ಬರ್ಕೊಂಡು ಮುಂದಕ್ಕೆ ಹೋಗೋಣ."

"ನೀವು ಕೂತ್ಕೊಳ್ಳಿ," ಎಂದರು ಅಧ್ಯಕ್ಷೆ. "ಪ್ರಮಾಣ ಮಾಡಿದೋನು ಅವನು. ಅವನೇ ಹೇಳ್ಬೇಕು." ಲೀಮನ್ ಕಡೆ ತಿರುಗಿದರು. ದನಿ ಒರಟಾಗಿರಲಿಲ್ಲ. "ಏನಪ್ಪಾ, ರಾತ್ರಿ ಎಲ್ಲಿ ಮಲಗ್ತೀಯ?"

"ಮಲಗು ಅಂದ ಕಡೆ, ಮೇಡಂ."

"ಊಟ?"

"ಕೊಟ್ಟ ಕಡೆ."

"ಎಷ್ಟು ವರ್ಷದಿಂದ?"

"ಹತ್ತೊಂಬತ್ತು."

"ಹಾಗಾದ್ರೆ ಇಲ್ಲೇ ವಾಸ ಅಂದಹಾಗೆ ಆಯ್ತಲ್ಲ."

"ಇಲ್ಲ ಮೇಡಂ. ನನ್ನನ್ನ ಇಲ್ಲಿ ಇಟ್ಟಿದಾರೆ. ನಾನು ವಾಸ ಮಾಡ್ತಾ ಇಲ್ಲ."

ಲೀಮನ್‌ಗೆ ತನ್ನ ದನಿ ಬೇರೆ ಯಾರದೋ ಹಾಗೆ ಕೇಳಿಸಿತು. ಧೈರ್ಯ ಬಂದಂತೆ ಅನಿಸಲಿಲ್ಲ. ಭಾರದ ಮೇಜೊಂದನ್ನು ಇನ್ನು ಹೊರಲಾರೆ ಎಂದು ದಾರಿಯಲ್ಲೇ ಇಳಿಸಿದ ಹಾಗೆ, ಅಷ್ಟೇ.

"ಶಾಸಕರು ನಿನ್ನನ್ನ ಕರೆಸಿದ್ದು ಏನೋ ಹೇಳೋಕೆ ಅಲ್ವಾ?" ಎಂದರು ಅಧ್ಯಕ್ಷೆ.

"ಹೌದು ಮೇಡಂ. ನಾವು ಅವರ ಜನ ಅಂತ ಹೇಳೋಕೆ."

"ಹೇಳು ಮತ್ತೆ."

"ಹೇಳಲ್ಲ."

ಸ್ಪೈವಿ ಕತ್ತು ತಿರುಗಿಸಿ ಹಾಲ್ಕಂನನ್ನು ನೋಡಿದ. ಹಾಲ್ಕಂ ಗೋಡೆ ಬಿಟ್ಟು ಮುಂದೆ ಬಂದ.

"ಇನ್ನೊಂದು ಹೆಸರು ಬರ್ಕೊಳ್ಳಿ ಸಾರ್," ಲೀಮನ್ ಗುಮಾಸ್ತನಿಗೆ ಹೇಳಿದ. "ಎಜ್ರಾ ಟಬ್ಸ್. ವಾಸ, ಕೆಲ್ಸೋ ಬೀದಿ."

"ಅವರು ಯಾರು? ಸಾಕ್ಷೀನಾ? ಬಂದಿದಾರಾ?"

"ಸತ್ತಿದಾರೆ. ಆದ್ರೆ ನಿಮ್ಮ ಎಣಿಕೇಲಿ ಇನ್ನೂ ಇಲ್ಲೇ ಇದಾರೆ. ಸೆಕೆಗೆ ಸತ್ರು. ಫ್ಯಾನು ರಿಪೇರಿ ಮಾಡ್ಸಿ ಅಂತ ಇವರನ್ನೇ ಕೇಳಿದ್ರು, ಇದೇ ರೂಮಲ್ಲಿ. ನೀನು ನನ್ನ ಜನ ಅಲ್ಲ ಅಂದ್ರು."

ಹಾಲ್ಕಂ ಅವನ ತೋಳು ಹಿಡಿದ. ಲೀಮನ್ ಎದ್ದ. ಅಧ್ಯಕ್ಷೆ ಏನೋ ಹೇಳಲು ಬಾಯಿ ತೆರೆದವರು ಪಕ್ಕದವನ ಮಾತಿಗೆ ಕಿವಿಗೊಟ್ಟರು. ಗುಮಾಸ್ತ ಟೈಪು ಮಾಡಿದನೋ ಇಲ್ಲವೋ ಅವನಿಗೆ ಕಾಣಲಿಲ್ಲ. ಹಿಂದಿನ ಗೋಡೆಯ ಬಳಿ ಗ್ಯಾಂಗು ನಿಂತಿತ್ತು. ಯಾರೂ ಚಪ್ಪಾಳೆ ತಟ್ಟಲಿಲ್ಲ. ತಟ್ಟುವಂತಿರಲಿಲ್ಲ. ಮುಂದಿನ ಸಾಕ್ಷಿಯನ್ನು ಕರೆದರು.

ಲಾರಿಯಲ್ಲಿ ರೂಫಸ್ ಅವನ ಎದುರು ಕೂತ. ಈಗ ಲೀಮನ್‌ನ ಕೈಗೆ ಬೇಡಿ ಬಿದ್ದಿತ್ತು.

"ಹುಚ್ಚು ಮುಂಡೇದೇ," ಎಂದ ರೂಫಸ್. "ನಾಕ್ ಮಾತು ಒದರಿ ಮನೆಗ್ ಹೋಗಾಕೆ ಏನಾಗಿತ್ಲಾ ನಿಂಗೆ? ಎಜ್ರಾ ಎದ್ದು ಬರ್ತಾನಾ?"

"ಇಲ್ಲ."

"ಮತ್ತೆ?"

ಲೀಮನ್ ಬೇಡಿಯನ್ನು ಮಣಿಕಟ್ಟಿನ ಮೇಲೆ ಸರಿಸಿಕೊಂಡ.

ಸ್ವಲ್ಪ ದೂರ ಹೋದ ಮೇಲೆ ರೂಫಸ್ ತನ್ನ ಜೇಬಿನಿಂದ ಅರ್ಧ ಸೇದಿದ ಸಿಗರೇಟು ತೆಗೆದು, ಬೇಡಿ ಹಾಕಿದ ಕೈಗಳ ಮಧ್ಯೆ ಇಟ್ಟ. "ಅವನ ಮುಖ ನೋಡ್ಬೇಕಿತ್ತು ನೀನು," ಎಂದ. "ಸ್ಪೈವಿ ಮುಖ. ಬೆಂದ ಹಂದಿ ಇದ್ದಂಗಿತ್ತು." ನಗಲು ಹೋಗಿ ನಿಲ್ಲಿಸಿದ.

ಮರುದಿನ ಲೀಮನ್‌ನನ್ನು ಗ್ಯಾಂಗಿನಿಂದ ತೆಗೆದರು. ಅಡುಗೆಮನೆಯ ಪಾತ್ರೆ ತಿಕ್ಕಲು ಹಾಕಿದರು. ಬಿಸಿನೀರು, ವಾಷಿಂಗ್ ಸೋಡಾ. ವಾರದಲ್ಲಿ ಬೆರಳ ಸಂದು ಬಿರಿಯಿತು. ಮಸೂದೆ ಸಮಿತಿಯಲ್ಲೇ ಉಳಿಯಿತು, ಮತಕ್ಕೆ ಬರಲಿಲ್ಲ. ಅವನ ಪೆರೋಲ್ ವಿಚಾರಣೆ ಟಿವಿ ಪರದೆಯ ಮೇಲೆ ನಡೆಯಿತು. ರಾಜಧಾನಿಯಲ್ಲಿ ಕೂತ ಮೂವರು ಒಂದೆರಡು ಪ್ರಶ್ನೆ ಕೇಳಿದರು. ಅಪರಾಧದ ಸ್ವರೂಪ ಗಂಭೀರವಾದದ್ದು ಎಂದರು. ಮುಂದಿನ ಸಲ ನೋಡೋಣ ಎಂದರು. ಮುಂದಿನ ಚುನಾವಣೆಯಲ್ಲಿ ಸ್ಪೈವಿಯ ಎದುರು ಯಾರೂ ನಿಲ್ಲಲಿಲ್ಲ. ಆದರೂ ಮತಗಟ್ಟೆ ಕಟ್ಟಬೇಕು, ಗ್ಯಾಂಗು ಹೋಗಿ ಕಟ್ಟಿ ಬಂತು.

ಪೆರೋಲಿನ ಸುದ್ದಿ ಬಂದ ಭಾನುವಾರ ಅವನು ಓರೀಥಾಗೆ ಫೋನ್ ಮಾಡಿ ಹೇಳಿದ. ಅವಳ ಹಿಂದೆ ಎಲ್ಲೋ ನಲ್ಲಿ ತೊಟ್ಟಿಕ್ಕುತ್ತಿತ್ತು.

"ಮತ್ತೆ ಅದೇ ಕಾರಣಾನಾ?"

"ಅದೇ ಕಾರಣ ಅಕ್ಕಾ."

"ಅಪರಾಧದ ಸ್ವರೂಪ."

"ಹೂಂ."

"ಬದಲಾಗಾಕೆ ಅದೇನ್ ಹವಾಮಾನ ಏನೋ? ಆಗಿದ್ದು ಆಗಿದ್ದೇ ಅಲ್ವಾ? ಪ್ರತಿ ಸಲಾನೂ ಅದನ್ನೇ ಹೇಳಾಕೆ ಯಾಕೆ ಕರೀತಾರೆ?" ಅವಳು ಮೂಗು ಒರೆಸಿಕೊಂಡಳು. "ನೀನೇನಾದ್ರೂ ಮಾಡ್ಕಂಡ್ಯಾ? ಜಗಳ ಗಿಗಳ?"

"ಇಲ್ಲ."

"ನಿನ್ ಕೈಲಿ ಏನೂ ಇಲ್ಲ ಬಿಡು. ನಂಗೊತ್ತು. ಅವ್ರು ಕೊಟ್ರೆ ಉಂಟು, ಇಲ್ದಿದ್ರೆ ಇಲ್ಲ. ನೀನು ಬೇಜಾರ್ ಮಾಡ್ಕೋಬ್ಯಾಡ."

"ಇಲ್ಲ ಅಕ್ಕಾ."

"ಅಮ್ಮನ ಕೋಣೇನ ಬಾಡಿಗೆಗೆ ಒಬ್ಬ ಹೆಂಗ್ಸು ಕೇಳ್ತಾವ್ಳೆ. ನಮ್ ಆಸ್ಪತ್ರೇಲೇ ಕೆಲ್ಸ ಮಾಡೋಳು. ಕೊಡ್ಲಾ? ನೀನು ಬಂದಾಗ ಬಿಡಿಸ್ತೀನಿ."

"ಕೊಡು."

ಅವಳು ಆಸ್ಪತ್ರೆಯ ಸುದ್ದಿ ಹೇಳಿದಳು. ಮೊಣಕಾಲಿನ ಸುದ್ದಿ ಹೇಳಿದಳು. ಅವನು ಹೂಂಗುಟ್ಟಿದ. ಆಮೇಲೂ ಎಷ್ಟೋ ಭಾನುವಾರ ಹಾಗೆಯೇ ಮಾತಾಡಿದರು.

ತಾನು ಮನೆಗೆ ಬರಬಹುದಾಗಿತ್ತು ಎಂದು ಅವನು ಅಕ್ಕನಿಗೆ ಎಂದೂ ಹೇಳಲಿಲ್ಲ.